ಕಾಂಪೋಸಿಷನ್ನೋ, ಸಾಮಾನ್ಯ ಜಿಎಸ್‌ಟಿಯೋ: ಸಣ್ಣ ವ್ಯಾಪಾರಿ ಹಾಕಬೇಕಾದ ಲೆಕ್ಕ

ವರ್ಷದ ವಹಿವಾಟು ಒಂದೂವರೆ ಕೋಟಿ ರೂಪಾಯಿಯ ಒಳಗಿರುವ ಅಂಗಡಿಯವರು, ಸಣ್ಣ ತಯಾರಕರು ಮತ್ತು ಹೋಟೆಲಿನವರು ಜಿಎಸ್‌ಟಿಗೆ ನೋಂದಾಯಿಸಿಕೊಳ್ಳುವಾಗ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಬೇಕಾಗುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಮಾರಾಟದ ಮೇಲೆ ಶೇ 5 ಅಥವಾ ಶೇ 18ರಂತೆ ತೆರಿಗೆಯನ್ನು ಗಿರಾಕಿಯಿಂದ ವಸೂಲು ಮಾಡಿ, ಸರಕು ಕೊಳ್ಳುವಾಗ ತಾವು ಕೊಟ್ಟ ತೆರಿಗೆಯನ್ನು ಅದರಲ್ಲಿ ಕಳೆದು, ಉಳಿದದ್ದನ್ನು ಸರ್ಕಾರಕ್ಕೆ ಕಟ್ಟುತ್ತಾರೆ. ಕಾಯ್ದೆಯಲ್ಲಿ ರಾಜಿ ತೆರಿಗೆ ಎನಿಸಿಕೊಳ್ಳುವ, ವ್ಯಾಪಾರಿಗಳೆಲ್ಲ ಕಾಂಪೋಸಿಷನ್ ಎಂದೇ ಕರೆಯುವ ಎರಡನೆಯ ಪದ್ಧತಿಯಲ್ಲಿ ವ್ಯಾಪಾರಿ ಮತ್ತು ತಯಾರಕ ವಹಿವಾಟಿನ ಶೇ 1ನ್ನು, ಹೋಟೆಲಿನವರು ಶೇ 5ನ್ನು ತಮ್ಮ ಕೈಯಿಂದಲೇ ಕಟ್ಟುತ್ತಾರೆ. ಅವರು ಗಿರಾಕಿಯ ಬಿಲ್ಲಿನಲ್ಲಿ ತೆರಿಗೆ ಹಾಕುವಂತಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಜಮೆಯಾಗಿ ಪಡೆಯುವಂತೆಯೂ ಇಲ್ಲ.

ಇವೆರಡರ ನಡುವೆ ಆರಿಸುವಾಗ ಬಹಳಷ್ಟು ಮಂದಿ ದರಗಳನ್ನಷ್ಟೇ ಎದುರುಬದುರು ಇಟ್ಟು ನೋಡುತ್ತಾರೆ. ಶೇ 18ಕ್ಕಿಂತ ಶೇ 1 ಕಡಿಮೆ ಎಂದು ತಿಳಿಯಲು ಲೆಕ್ಕಪರಿಶೋಧಕರು ಬೇಕಾಗಿಲ್ಲ. ಆದರೆ ಶೇ 18ರ ಭಾರ ಬೀಳುವುದು ವ್ಯಾಪಾರಿ ತನ್ನ ಹಂತದಲ್ಲಿ ಸೇರಿಸಿದ ಮೌಲ್ಯದ ಮೇಲೆ ಮಾತ್ರ. ಶೇ 1 ಬೀಳುವುದು ಇಡೀ ವಹಿವಾಟಿನ ಮೇಲೆ, ಅದೂ ಖರೀದಿಯ ತೆರಿಗೆಯನ್ನು ಹೊಟ್ಟೆಗೆ ಹಾಕಿಕೊಂಡ ನಂತರ. ಆದ್ದರಿಂದ ಗಿರಾಕಿ ಯಾರು, ಮಾರುವ ಸರಕಿನ ದರ ಯಾವುದು, ಅದರ ಮೇಲೆ ಇಡುವ ಲಾಭಾಂಶ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ಯಾವ ಪದ್ಧತಿಯೂ ಅಗ್ಗವೆಂದು ಹೇಳಲಾಗದು.

ತೆರಿಗೆಯ ಸರಪಳಿ ಏಕೆ ಬಂತು

ಹಳೆಯ ಮಾರಾಟ ತೆರಿಗೆಯ ಕಾಲದಲ್ಲಿ ಕಚ್ಚಾವಸ್ತುವಿನ ಮೇಲೆ ಬಿದ್ದ ತೆರಿಗೆ ಸಿದ್ಧವಸ್ತುವಿನ ಬೆಲೆಯೊಳಗೆ ಸೇರಿಹೋಗಿ, ಆ ಬೆಲೆಯ ಮೇಲೆ ಮತ್ತೆ ತೆರಿಗೆ ಬೀಳುತ್ತಿತ್ತು. ಹಿಂದಿನ ಹಂತದ ತೆರಿಗೆಯನ್ನು ಮುಂದಿನ ಹಂತದಲ್ಲಿ ಕಳೆಯುತ್ತ ಸರಪಳಿಯಂತೆ ಸಾಗುವ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್, ಈ ದೋಷಕ್ಕೆ ಮದ್ದಾಗಿ ಬಂದದ್ದು. ಫ್ರಾನ್ಸಿನಲ್ಲಿ 1954ರಲ್ಲಿ ಆರಂಭವಾದ ಈ ಪದ್ಧತಿಯ ತತ್ತ್ವವನ್ನು ಭಾರತವು 1986ರಲ್ಲಿ ಮಾಡ್‌ವ್ಯಾಟ್ ಹೆಸರಿನಲ್ಲಿ ಕೇಂದ್ರ ಅಬಕಾರಿ ಸುಂಕಕ್ಕೆ ಅನ್ವಯಿಸಿತು. ರಾಜ್ಯಗಳ ಪೈಕಿ ಹರಿಯಾಣ 2003ರಲ್ಲಿಯೂ ಕರ್ನಾಟಕ 2005ರ ಏಪ್ರಿಲ್ 1ರಂದೂ ವ್ಯಾಟ್ ಜಾರಿಗೊಳಿಸಿದವು. ಆಗಲೂ ಕೇಂದ್ರದ ಅಬಕಾರಿ ಸುಂಕಕ್ಕೂ ರಾಜ್ಯದ ವ್ಯಾಟಿಗೂ ನಡುವೆ ಜಮೆ ದೊರೆಯುತ್ತಿರಲಿಲ್ಲ. 2017ರ ಜುಲೈ 1ರಂದು ಬಂದ ಜಿಎಸ್‌ಟಿ ಆ ಎರಡನ್ನೂ ಸೇವಾ ತೆರಿಗೆಯನ್ನೂ ಒಂದೇ ಸರಪಳಿಗೆ ಪೋಣಿಸಿತು. ಸರಪಳಿಯಿಂದ ಹೊರಗುಳಿದರೆ ಏನಾಗುತ್ತದೆ ಎಂಬುದಕ್ಕೆ ಡೀಸೆಲ್ ಇಂದಿಗೂ ಉದಾಹರಣೆ. ಕರ್ನಾಟಕದಲ್ಲಿ 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿದ ಅದರ ಮಾರಾಟ ತೆರಿಗೆಯಲ್ಲಿ ಒಂದು ಪೈಸೆಯೂ ಲಾರಿ ಮಾಲೀಕನಿಗೆ ಜಮೆಯಾಗಿ ಮರಳುವುದಿಲ್ಲ. ಅದೆಲ್ಲವೂ ಸಾಗಣೆ ವೆಚ್ಚದೊಳಗೆ ಸೇರಿ ಮುಂದಿನವರ ತಲೆಗೆ ಹೋಗುತ್ತದೆ.

ಈ ಪದ್ಧತಿಯ ಗುಣ ಮತ್ತು ದೋಷ ಎರಡೂ ಒಂದೇ ಬೇರಿನಿಂದ ಹುಟ್ಟುತ್ತವೆ. ಪ್ರತಿ ಕೊಳ್ಳುವವನಿಗೂ ಬಿಲ್ಲು ಬೇಕಾಗುವುದರಿಂದ ಮಾರುವವನು ವ್ಯವಹಾರವನ್ನು ಮುಚ್ಚಿಡುವುದು ಕಷ್ಟವಾಗುತ್ತದೆ, ಸರ್ಕಾರಕ್ಕೆ ಕೊನೆಯ ಅಂಗಡಿಯನ್ನೊಂದೇ ಕಾಯಬೇಕಾದ ಅನಿವಾರ್ಯತೆ ಇರುವುದಿಲ್ಲ, ರಫ್ತಿನ ವಸ್ತುವಿನಿಂದ ಒಳಗಿನ ತೆರಿಗೆಯನ್ನು ಪೂರ್ತಿ ತೆಗೆದು ಕಳುಹಿಸಲು ಸಾಧ್ಯವಾಗುತ್ತದೆ. ಆದರೆ ಅದೇ ಬಿಲ್ಲಿನ ಅವಲಂಬನೆಯಿಂದಾಗಿ, ಮಾರಿದವನು ತನ್ನ ವಿವರಪಟ್ಟಿ (ರಿಟರ್ನ್) ಸಲ್ಲಿಸದಿದ್ದರೆ ಹಣ ಕೊಟ್ಟು ಕೊಂಡವನ ಜಮೆ ನಿಂತುಹೋಗುತ್ತದೆ. ಪರರ ಸೋಮಾರಿತನಕ್ಕೆ ತಾನು ದಂಡ ತೆರುವ ಈ ಸ್ಥಿತಿ ನನ್ನ ದೃಷ್ಟಿಯಲ್ಲಿ ಜಿಎಸ್‌ಟಿಯ ಅತ್ಯಂತ ಅನ್ಯಾಯದ ಭಾಗ. ಸರಕೇ ಇಲ್ಲದೆ ಬಿಲ್ಲುಗಳನ್ನಷ್ಟೇ ಮಾರುವ ವಂಚಕರ ಹಾವಳಿಯಿಂದಾಗಿ ನಿಯಮ ಸಡಿಲಿಸಲು ಇಲಾಖೆಯೂ ಹಿಂಜರಿಯುತ್ತದೆ. ಬಡವ ಬಲ್ಲಿದ ಎನ್ನದೆ ಎಲ್ಲ ಬಳಕೆದಾರರ ಮೇಲೂ ಒಂದೇ ದರ ಬೀಳುವುದು ಇನ್ನೊಂದು ಹಳೆಯ ಆಕ್ಷೇಪ. ಬಿಡಿಯಾಗಿ ಮಾರುವ ಅಕ್ಕಿ, ಬೇಳೆ, ತರಕಾರಿಗಳಿಗೆ ವಿನಾಯಿತಿ ಕೊಟ್ಟು ಅದನ್ನು ತಗ್ಗಿಸಲು ಪ್ರಯತ್ನಿಸಲಾಗಿದೆ.

ಕಾಂಪೋಸಿಷನ್ ಎಂದರೆ ಈ ಸರಪಳಿಯಿಂದ ಅನುಮತಿ ಪಡೆದು ಹೊರಗೆ ನಿಲ್ಲುವುದು. ಕಾಗದಪತ್ರಗಳ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಸರಪಳಿಯಿಂದ ಬರಬೇಕಾಗಿದ್ದ ಜಮೆಯೂ ತಪ್ಪುತ್ತದೆ.

ಗಿರಾಕಿಯೂ ನೋಂದಾಯಿತ ವ್ಯಾಪಾರಿಯಾಗಿದ್ದರೆ

ಇಲ್ಲಿ ಹೆಚ್ಚು ಯೋಚಿಸಬೇಕಾದ ಅಗತ್ಯವಿಲ್ಲ. ಪೀಣ್ಯದ ಒಂದು ಚಿಕ್ಕ ಕಾರ್ಖಾನೆ 100 ರೂಪಾಯಿಯ ಲೋಹವನ್ನು ಶೇ 18 ತೆರಿಗೆ ಸೇರಿ 118ಕ್ಕೆ ಕೊಂಡು, ಬಿಡಿಭಾಗ ಮಾಡಿ, ದೊಡ್ಡ ಕಂಪನಿಗೆ 160 ರೂಪಾಯಿಗೆ ತೆರಿಗೆ ಪ್ರತ್ಯೇಕವಾಗಿ ಸೇರಿಸಿ ಮಾರುತ್ತದೆ ಎಂದುಕೊಳ್ಳೋಣ. ಕಂಪನಿ ಕೊಡುವ 28.80 ರೂಪಾಯಿ ತೆರಿಗೆ ಕಂಪನಿಗೇ ಜಮೆಯಾಗುತ್ತದೆ, ಕಾರ್ಖಾನೆಯ 18 ರೂಪಾಯಿ ಕಾರ್ಖಾನೆಗೆ ಜಮೆಯಾಗುತ್ತದೆ, ಕೂಲಿ ಮತ್ತಿತರ ಖರ್ಚಿಗೂ ಲಾಭಕ್ಕೂ 60 ರೂಪಾಯಿ ಉಳಿಯುತ್ತದೆ. ಅದೇ ಕಾರ್ಖಾನೆ ಕಾಂಪೋಸಿಷನ್‌ಗೆ ಹೋದರೆ ಕಂಪನಿಗೆ ಜಮೆ ಸಿಗದ ಕಾರಣ, ಅದು ಒಟ್ಟಾರೆ 160 ರೂಪಾಯಿಗಿಂತ ಹೆಚ್ಚು ಕೊಡಲು ಒಪ್ಪುವುದಿಲ್ಲ. ಅದರಲ್ಲಿ ಲೋಹದ 118, ತೆರಿಗೆಯ 1.60 ಕಳೆದರೆ ಉಳಿಯುವುದು 40.40 ರೂಪಾಯಿ ಮಾತ್ರ. ಮೂರನೆಯ ಒಂದು ಭಾಗದಷ್ಟು ಉಳಿಕೆ ಹೀಗೆ ಕೈಬಿಟ್ಟುಹೋಗುವಾಗ, ಸುಲಭವಾದ ವಿವರಪಟ್ಟಿ ಯಾವ ಸಮಾಧಾನವನ್ನೂ ಕೊಡದು. ಸಗಟು ವ್ಯಾಪಾರಿಗಳು, ಗುತ್ತಿಗೆದಾರರಿಗೆ ಸರಕು ಕೊಡುವ ಹಾರ್ಡ್‌ವೇರ್ ಅಂಗಡಿಗಳು, ಕಚೇರಿಗಳಿಗೆ ಲೇಖನ ಸಾಮಗ್ರಿ ಪೂರೈಸುವವರು ಎಲ್ಲರೂ ಇದೇ ವರ್ಗಕ್ಕೆ ಸೇರುತ್ತಾರೆ.

ಹೊರರಾಜ್ಯದ ಮಾರಾಟವೂ ಇಷ್ಟೇ ನಿರ್ಣಾಯಕ. ಕಾಂಪೋಸಿಷನ್‌ನಲ್ಲಿರುವವರು ಬೇರೆ ರಾಜ್ಯದಿಂದ ಸರಕು ತರಿಸಬಹುದು, ಬೇರೆ ರಾಜ್ಯಕ್ಕೆ ಕಳುಹಿಸುವಂತಿಲ್ಲ. ಶಿವಮೊಗ್ಗ, ಶಿರಸಿಗಳಿಂದ ಉತ್ತರ ಭಾರತಕ್ಕೆ ಅಡಿಕೆ ಲೋಡ್ ಮಾಡುವ ವರ್ತಕನಿಗೆ ಆದ್ದರಿಂದ ಆಯ್ಕೆಯೇ ಉಳಿಯುವುದಿಲ್ಲ. ಇಳಕಲ್ ಸೀರೆಗಳನ್ನು ಮೊಬೈಲಿನಲ್ಲಿ ತೋರಿಸಿ ಸೊಲ್ಲಾಪುರ, ಪುಣೆಗಳಿಗೆ ಕೊರಿಯರ್ ಮಾಡುವವರೂ ಇದನ್ನು ನೆನಪಿಡಬೇಕು. ವರ್ಷಕ್ಕೆ ನಾಲ್ಕೇ ಪಾರ್ಸೆಲ್ ಹೊರಗೆ ಹೋದರೂ ಷರತ್ತು ಮುರಿದಂತೆಯೇ. ಆನ್‌ಲೈನ್ ಮಾರಾಟತಾಣಗಳ ಮೂಲಕ ರಾಜ್ಯದೊಳಗೆ ಸರಕು ಮಾರಲು ಮಾತ್ರ 2023ರ ಅಕ್ಟೋಬರ್‌ನಿಂದ ಕಾಂಪೋಸಿಷನ್‌ನವರಿಗೂ ಅವಕಾಶವಿದೆ.

ಗಿರಾಕಿ ಮನೆಬಳಕೆಯವನಾಗಿದ್ದರೆ

ನಿಜವಾದ ಲೆಕ್ಕ ಇರುವುದು ಇಲ್ಲಿ. ಮನೆಬಳಕೆಯ ಗಿರಾಕಿಗೆ ಜಮೆ ಬೇಕಾಗಿಲ್ಲ, ಅವನು ನೋಡುವುದು ಅಂತಿಮ ಬೆಲೆಯನ್ನು. ಎರಡೂ ಪದ್ಧತಿಗಳಲ್ಲಿ ಒಂದೇ ಅಂತಿಮ ಬೆಲೆಗೆ ಮಾರುತ್ತೀರಿ ಎಂದು ಇಟ್ಟುಕೊಂಡು ಹೋಲಿಸಿದರೆ ಸತ್ಯ ಗೊತ್ತಾಗುತ್ತದೆ. ಎಂಆರ್‌ಪಿ ಮುದ್ರಿತವಾಗಿರುವ ಸರಕಿನಲ್ಲಂತೂ ಬೇರೆ ದಾರಿಯೂ ಇಲ್ಲ.

ಶೇ 18ರ ಸರಕನ್ನು 100 ರೂಪಾಯಿಗೆ, ತೆರಿಗೆ ಸೇರಿ 118ಕ್ಕೆ ಕೊಂಡು, ಶೇ 20 ಲಾಭಾಂಶ ಇಟ್ಟು, ತೆರಿಗೆ ಸೇರಿ 141.60ಕ್ಕೆ ಮಾರಿದರೆ ಸಾಮಾನ್ಯ ಪದ್ಧತಿಯಲ್ಲಿ ಉಳಿಯುವುದು 20 ರೂಪಾಯಿ. ಕಾಂಪೋಸಿಷನ್‌ನಲ್ಲಿ 141.60ರಲ್ಲಿ 118 ಮತ್ತು 1.42 ಕಳೆದು 22.18 ಉಳಿಯುತ್ತದೆ. ಇಲ್ಲಿ ಕಾಂಪೋಸಿಷನ್ ಗೆದ್ದಿತು. ಅದೇ ಸರಕಿನ ಮೇಲೆ ಶೇ 5 ಮಾತ್ರ ಲಾಭಾಂಶ ಇದ್ದರೆ ಬೆಲೆ 123.90 ಆಗಿ, ಸಾಮಾನ್ಯ ಪದ್ಧತಿಯಲ್ಲಿ 5 ರೂಪಾಯಿಯೂ ಕಾಂಪೋಸಿಷನ್‌ನಲ್ಲಿ 4.66 ರೂಪಾಯಿಯೂ ಉಳಿಯುತ್ತದೆ. ಶೇ 18ರ ಸರಕಿನಲ್ಲಿ ಎರಡೂ ಸಮನಾಗುವುದು ಲಾಭಾಂಶ ಸುಮಾರು ಶೇ 7 ಇರುವಾಗ. ಅದಕ್ಕಿಂತ ಹೆಚ್ಚಿದ್ದರೆ ಕಾಂಪೋಸಿಷನ್, ಕಡಿಮೆಯಿದ್ದರೆ ಸಾಮಾನ್ಯ ಪದ್ಧತಿ ಲಾಭಕರ.

ಶೇ 5ರ ಸರಕಿನಲ್ಲಿ ಈ ಗೆರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಂಡು ಅನೇಕರು ಆಶ್ಚರ್ಯಪಡುತ್ತಾರೆ. 105ಕ್ಕೆ ಕೊಂಡ ಸರಕನ್ನು ಶೇ 15 ಲಾಭಾಂಶ ಇಟ್ಟು 120.75ಕ್ಕೆ ಮಾರಿದರೆ ಸಾಮಾನ್ಯ ಪದ್ಧತಿಯಲ್ಲಿ 15 ರೂಪಾಯಿ, ಕಾಂಪೋಸಿಷನ್‌ನಲ್ಲಿ 14.54 ರೂಪಾಯಿ ಉಳಿಯುತ್ತದೆ. ಇಲ್ಲಿ ಎರಡೂ ಸಮನಾಗಬೇಕಾದರೆ ಲಾಭಾಂಶ ಸುಮಾರು ಶೇ 27ರ ಹತ್ತಿರ ಇರಬೇಕು. ಕಾರಣ ಸರಳವಾಗಿದೆ: ಸೇರಿಸಿದ ಮೌಲ್ಯದ ಮೇಲೆ ಶೇ 5 ಎಂಬುದೇ ತೀರಾ ಚಿಕ್ಕ ಮೊತ್ತ, ಇಡೀ ಬೆಲೆಯ ಶೇ 1 ಅದನ್ನು ಬೇಗನೆ ಮೀರಿಸುತ್ತದೆ.

2025ರ ಸೆಪ್ಟೆಂಬರ್ 22ರ ನಂತರ ಈ ಲೆಕ್ಕವನ್ನು ಹೊಸದಾಗಿ ಹಾಕಿಕೊಳ್ಳದವರು ಕೂಡಲೇ ಹಾಕಿಕೊಳ್ಳುವುದು ಒಳ್ಳೆಯದು. ಅಂದು ಶೇ 12ರ ಸ್ತರವನ್ನು ತೆಗೆದುಹಾಕಲಾಯಿತು. ಬೆಣ್ಣೆ, ತುಪ್ಪ, ಖಾರದ ಕುರುಕಲು ತಿಂಡಿ, ಪಾತ್ರೆ, ಸೈಕಲ್‌ಗಳು ಶೇ 12ರಿಂದಲೂ ಸಾಬೂನು, ಟೂತ್‌ಪೇಸ್ಟ್, ಬಿಸ್ಕತ್ತು, ಕೇಕುಗಳು ಶೇ 18ರಿಂದಲೂ ಶೇ 5ಕ್ಕೆ ಇಳಿದವು. ಕಾಂಪೋಸಿಷನ್‌ನ ಶೇ 1 ಮಾತ್ರ ಇದ್ದಲ್ಲೇ ಇತ್ತು. ಸಾಬೂನು, ಬಿಸ್ಕತ್ತುಗಳನ್ನು ಶೇ 10ರ ಆಸುಪಾಸಿನ ಲಾಭಾಂಶಕ್ಕೆ ಮಾರುವ ಕಿರಾಣಿ ಅಂಗಡಿಗೆ ಹಿಂದೆ ತುಸು ಲಾಭಕರವಾಗಿದ್ದ ಕಾಂಪೋಸಿಷನ್ ಇದರಿಂದ ಸದ್ದಿಲ್ಲದೆ ತುಸು ನಷ್ಟದ ಬಾಬತ್ತಾಯಿತು.

ನಷ್ಟವಾಯಿತು ಎಂದ ಮಾತ್ರಕ್ಕೆ ಬಿಟ್ಟುಬಿಡಬೇಕೆಂದೂ ಅಲ್ಲ. ಮೇಲಿನ ಶೇ 15ರ ಉದಾಹರಣೆಯಲ್ಲಿ ವರ್ಷಕ್ಕೆ 60 ಲಕ್ಷ ರೂಪಾಯಿ ವ್ಯಾಪಾರ ಮಾಡುವವರಿಗೆ ಬೀಳುವ ವ್ಯತ್ಯಾಸ ಸುಮಾರು 22,700 ರೂಪಾಯಿ. ಸಾಮಾನ್ಯ ಪದ್ಧತಿಯ ಬಿಲ್ಲಿಂಗ್ ತಂತ್ರಾಂಶ, ಲೆಕ್ಕ ಬರೆಯುವವರ ಸಂಬಳ, ಲೆಕ್ಕಪರಿಶೋಧಕರ ಶುಲ್ಕ ಇವೆಲ್ಲ ಸೇರಿ ಅದನ್ನು ಮೀರುವುದಾದರೆ ಕಾಂಪೋಸಿಷನ್ನೇ ಜಾಣತನ. ಕಿರಾಣಿಯವರಿಗೆ ಇನ್ನೊಂದು ಅನುಕೂಲವೂ ಇದೆ: ಕೊಂಡು ಮಾರುವ ವ್ಯಾಪಾರಿಯಾದರೆ ಶೇ 1ನ್ನು ತೆರಿಗೆಗೆ ಒಳಪಟ್ಟ ಸರಕಿನ ಮೇಲೆ ಮಾತ್ರ ಕಟ್ಟಿದರೆ ಸಾಕು, ಬಿಡಿ ಅಕ್ಕಿ ಬೇಳೆಗಳ ಮಾರಾಟವನ್ನು ಬಿಡಬಹುದು. ತಯಾರಕರಿಗೆ ಈ ರಿಯಾಯಿತಿ ಇಲ್ಲ. ಬ್ರೆಡ್ಡಿಗೆ ಜಿಎಸ್‌ಟಿ ಇಲ್ಲದಿದ್ದರೂ, ತಾನೇ ಬ್ರೆಡ್ ಸುಟ್ಟು ಮಾರುವ ಅಯ್ಯಂಗಾರ್ ಬೇಕರಿ ಕಾಂಪೋಸಿಷನ್‌ಗೆ ಬಂದರೆ ಬ್ರೆಡ್ಡಿನ ವಹಿವಾಟಿನ ಮೇಲೂ ಶೇ 1 ಕಟ್ಟಬೇಕು. ಐಸ್‌ಕ್ರೀಮ್, ಪಾನ್ ಮಸಾಲಾ, ತಂಬಾಕು, ಸೋಡಾದಂಥ ಪಾನೀಯ, ಇಟ್ಟಿಗೆ ಮತ್ತು ಮಣ್ಣಿನ ಹೆಂಚು ತಯಾರಿಸುವವರಿಗಂತೂ ಈ ಬಾಗಿಲೇ ಮುಚ್ಚಿದೆ. ಮಂಗಳೂರು ಹೆಂಚಿನ ಕಾರ್ಖಾನೆ ಎಷ್ಟೇ ಚಿಕ್ಕದಾಗಿದ್ದರೂ ಕಾಂಪೋಸಿಷನ್ ಪಡೆಯುವಂತಿಲ್ಲ.

ಹೋಟೆಲು ಮತ್ತು ಸೇವೆಗಳು

ಉಪಾಹಾರ ಮಂದಿರಗಳ ವಿಷಯ ವಿಚಿತ್ರವಾಗಿದೆ. ಸಾಮಾನ್ಯ ಪದ್ಧತಿಯಲ್ಲಿಯೂ ಅವರಿಗೆ ಶೇ 5, ಕಾಂಪೋಸಿಷನ್‌ನಲ್ಲಿಯೂ ಶೇ 5; ಎರಡರಲ್ಲಿಯೂ ಖರೀದಿಯ ತೆರಿಗೆ ಜಮೆಯಿಲ್ಲ. ದರ್ಶಿನಿಯ ದೋಸೆಯ ಬೆಲೆ ತೆರಿಗೆ ಸೇರಿದ್ದು ಎಂದು ಹಿಡಿದರೆ, ವರ್ಷಕ್ಕೆ ಒಂದು ಕೋಟಿ ರೂಪಾಯಿ ಗಲ್ಲಾಕ್ಕೆ ಬರುವ ಹೋಟೆಲು ಸಾಮಾನ್ಯ ಪದ್ಧತಿಯಲ್ಲಿ ಅದರೊಳಗಿನ 4,76,190 ರೂಪಾಯಿಯನ್ನೂ ಕಾಂಪೋಸಿಷನ್‌ನಲ್ಲಿ ಪೂರಾ 5 ಲಕ್ಷವನ್ನೂ ಕಟ್ಟುತ್ತದೆ. ಇಷ್ಟನ್ನೇ ನೋಡಿದರೆ ಕಾಂಪೋಸಿಷನ್ 23,810 ರೂಪಾಯಿ ದುಬಾರಿ.

ಆದರೆ ಮಳಿಗೆಯ ಬಾಡಿಗೆ ಈ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು. 2024ರ ಅಕ್ಟೋಬರ್‌ನಿಂದ, ನೋಂದಣಿಯಿಲ್ಲದ ಮಾಲೀಕರಿಂದ ವಾಣಿಜ್ಯ ಮಳಿಗೆಯನ್ನು ಬಾಡಿಗೆಗೆ ಪಡೆದ ನೋಂದಾಯಿತ ವ್ಯಾಪಾರಿ ಆ ಬಾಡಿಗೆಯ ಮೇಲಿನ ಶೇ 18 ತೆರಿಗೆಯನ್ನು ತಾನೇ ಕಟ್ಟಬೇಕು. ಕಾಂಪೋಸಿಷನ್‌ನವರನ್ನು 2025ರ ಜನವರಿಯಲ್ಲಿ ಇದರಿಂದ ಹೊರಗಿಡಲಾಯಿತು. ಸಾಮಾನ್ಯ ಪದ್ಧತಿಯ ಬಟ್ಟೆ ಅಂಗಡಿಯವರು ಹೀಗೆ ಕಟ್ಟಿದ್ದನ್ನು ಜಮೆಯಾಗಿ ಪಡೆಯುತ್ತಾರೆ. ಜಮೆಯೇ ಇಲ್ಲದ ಹೋಟೆಲಿನವರಿಗೆ ಅದು ಕೈಬಿಟ್ಟುಹೋದ ಹಣ. ತಿಂಗಳಿಗೆ 50,000 ರೂಪಾಯಿ ಬಾಡಿಗೆ ಎಂದರೆ 9,000 ರೂಪಾಯಿಯಂತೆ ವರ್ಷಕ್ಕೆ 1,08,000 ರೂಪಾಯಿ. ಸ್ವಂತ ಕಟ್ಟಡವಿರುವ ಹೋಟೆಲಿಗೂ ಬಾಡಿಗೆಯ ಕಟ್ಟಡದ ಹೋಟೆಲಿಗೂ ಸರಿಯಾದ ಉತ್ತರ ಬೇರೆಬೇರೆಯಾಗುವುದು ಹೀಗೆ.

ಸೇವೆ ಒದಗಿಸುವವರಿಗೆ 50 ಲಕ್ಷ ರೂಪಾಯಿ ವಹಿವಾಟಿನವರೆಗೆ ಶೇ 6ರ ಪ್ರತ್ಯೇಕ ರಾಜಿ ಪದ್ಧತಿ ಇದೆ. ಮದುವೆ ಮನೆಗಳಿಂದ ಕೆಲಸ ಪಡೆಯುವ ಫೋಟೊ ಸ್ಟುಡಿಯೋಗೆ ಇದು ಬಹುಮಟ್ಟಿಗೆ ಲಾಭಕರ: ತೆರಿಗೆ ಸೇರಿ 1,18,000 ರೂಪಾಯಿಗೆ ಒಪ್ಪಿಕೊಂಡ ಕೆಲಸದಲ್ಲಿ 18,000 ಬದಲು 7,080 ಕಟ್ಟಿದರೆ ಸಾಕು, ಆಲ್ಬಂ ಮುದ್ರಣ, ಕ್ಯಾಮೆರಾ ಖರೀದಿಗಳ ಜಮೆ ಹೋಗುವುದನ್ನು ಮಾತ್ರ ಇದಕ್ಕೆ ಎದುರಾಗಿ ತೂಗಿ ನೋಡಬೇಕು, ಹೊಸ ಕ್ಯಾಮೆರಾ ಕೊಳ್ಳುವ ವರ್ಷದಲ್ಲಿ ವಿಶೇಷವಾಗಿ. ಬ್ಯೂಟಿ ಪಾರ್ಲರ್, ಕ್ಷೌರದಂಗಡಿ, ಜಿಮ್‌ಗಳ ಸಾಮಾನ್ಯ ದರವೇ ಜಮೆಯಿಲ್ಲದ ಶೇ 5ಕ್ಕೆ ಇಳಿದಿರುವುದರಿಂದ ಅವರಿಗೆ ಈಗ ಶೇ 6ರಲ್ಲಿ ದರದ ಲಾಭ ಉಳಿದಿಲ್ಲ.

ಉದ್ರಿ, ವಿವರಪಟ್ಟಿ ಮತ್ತು ಕೈಯಲ್ಲಿನ ಹಣ

ಲಾಭನಷ್ಟದ ಪಟ್ಟಿಯಲ್ಲಿ ಕಾಣದ ಒಂದು ಸಂಗತಿ ಹಣದ ಹರಿವು. ಸಾಮಾನ್ಯ ಪದ್ಧತಿಯಲ್ಲಿ ತೆರಿಗೆಯ ಹೊಣೆ ಹುಟ್ಟುವುದು ಬಿಲ್ಲು ಹರಿದಾಗ. ಗಿರಾಕಿ ಹಣ ಕೊಟ್ಟಾಗ ಅಲ್ಲ. ಸುಗ್ಗಿಯ ನಂತರ ಕೊಡುತ್ತೇನೆಂಬ ಮಾತಿನ ಮೇಲೆ ಉದ್ರಿ ಕೊಡುವ ಊರಿನ ಹಾರ್ಡ್‌ವೇರ್ ಅಂಗಡಿಯವರು, ಬಾರದ ಹಣದ ಮೇಲಿನ ಶೇ 18ನ್ನು ತಾವು ಸರಕು ಕೊಂಡಾಗಿನ ಜಮೆ ಕಳೆದು ಮೊದಲೇ ಕಟ್ಟಿರಬೇಕಾಗುತ್ತದೆ. ಕಾಂಪೋಸಿಷನ್‌ನಲ್ಲಿಯೂ ಹೊಣೆ ಮಾರಾಟದ ಮೇಲೆಯೇ ಬರುತ್ತದೆಯಾದರೂ ಶೇ 1ರ ಭಾರ ತಡೆದುಕೊಳ್ಳುವಂಥದ್ದು.

ಕಾಂಪೋಸಿಷನ್‌ನವರು ಮೂರು ತಿಂಗಳಿಗೊಮ್ಮೆ ಸಿಎಂಪಿ-08 ಎಂಬ ತೆರಿಗೆ ಪಾವತಿಯ ನಮೂನೆ ಸಲ್ಲಿಸಿ, ಮುಂದಿನ ತಿಂಗಳ 18ರೊಳಗೆ ಹಣ ಕಟ್ಟಿ, ವರ್ಷಕ್ಕೊಮ್ಮೆ ಜಿಎಸ್‌ಟಿಆರ್-4 ಎಂಬ ವಿವರಪಟ್ಟಿ ಸಲ್ಲಿಸಿದರೆ ಮುಗಿಯಿತು. ಸಾಮಾನ್ಯ ಪದ್ಧತಿಯಲ್ಲಿ ಮಾರಾಟದ ವಿವರಕ್ಕೆ ಜಿಎಸ್‌ಟಿಆರ್-1 ಮತ್ತು ತೆರಿಗೆಯ ಲೆಕ್ಕಕ್ಕೆ 3ಬಿ ಎರಡನ್ನೂ ಸಲ್ಲಿಸಬೇಕು, ಖರೀದಿಯ ಪ್ರತಿ ಬಿಲ್ಲೂ, ಮಾರಿದವರು ಸಲ್ಲಿಸಿದ ವಿವರದಿಂದ ತಯಾರಾಗುವ 2ಬಿ ಪಟ್ಟಿಯಲ್ಲಿ ಬಂದಿದೆಯೇ ಎಂದು ತಾಳೆ ನೋಡಬೇಕು. ಐದು ಕೋಟಿ ರೂಪಾಯಿವರೆಗಿನ ವಹಿವಾಟಿನವರು ವಿವರಪಟ್ಟಿಗಳನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸಬಹುದಾದ್ದರಿಂದ, ಮೊದಲಿದ್ದಷ್ಟು ದೊಡ್ಡ ಅಂತರ ಈಗ ಇಲ್ಲ. ಹಣವನ್ನು ಮಾತ್ರ ತಿಂಗಳು ತಿಂಗಳೂ ಕಟ್ಟಬೇಕು.

ನೋಂದಣಿಯೇ ಬೇಡವೆನ್ನುವವರಿಗೆ

ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ 40 ಲಕ್ಷ ರೂಪಾಯಿವರೆಗೆ, ಹೋಟೆಲು ಸೇರಿದಂತೆ ಸೇವೆಯವರಿಗೆ 20 ಲಕ್ಷದವರೆಗೆ ನೋಂದಣಿ ಕಡ್ಡಾಯವಲ್ಲ. ಈ ಮಿತಿಯನ್ನು ಅಳೆಯುವುದು ಲಾಭದಿಂದಲ್ಲ, ಒಟ್ಟು ವಹಿವಾಟಿನಿಂದ. ವಿನಾಯಿತಿ ಪಡೆದ ಸರಕಿನ ಮಾರಾಟವೂ ಅದರಲ್ಲಿ ಸೇರುತ್ತದೆ. ವಿನಾಯಿತಿಯ ಸರಕನ್ನಷ್ಟೇ ಮಾರುವ ತರಕಾರಿ, ಹಾಲಿನ ವ್ಯಾಪಾರಿಗೆ ಎಷ್ಟೇ ವಹಿವಾಟಾದರೂ ನೋಂದಣಿ ಬೇಕಿಲ್ಲ, ಆದರೆ ಅದನ್ನು ತೋರಿಸುವ ಖರೀದಿ ಚೀಟಿಗಳನ್ನು ಇಟ್ಟುಕೊಂಡಿರಬೇಕು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಜೊತೆಗೆ ತರಕಾರಿಯವರೂ ಸಿಕ್ಕಿಕೊಂಡದ್ದು, ಹಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮರೆಯಾಗಿ ನಗದು ಮಾತ್ರ ಎಂಬ ಚೀಟಿ ಬಂದದ್ದು ಎಲ್ಲರಿಗೂ ನೆನಪಿದೆ. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿಗಳೊಂದಿಗೆ ಸಭೆ ನಡೆಸಿ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದೂ ಆದರೆ ನೋಂದಣಿ ಮಾಡಿಸಲೇಬೇಕೆಂದೂ ಹೇಳಿದ ಮೇಲೆ ಆ ಗದ್ದಲ ತಣ್ಣಗಾಯಿತು. ಅಂಥ ರಿಯಾಯಿತಿ ಮತ್ತೊಮ್ಮೆ ಸಿಗುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಮಿತಿ ದಾಟಿಯೂ ನೋಂದಾಯಿಸದೆ ಸಿಕ್ಕಿಬಿದ್ದವರಿಗೆ ಹಿಂದಿನ ಅವಧಿಗೆ ಶೇ 1ರ ಸೌಲಭ್ಯ ದೊರೆಯುವುದಿಲ್ಲ, ಪೂರ್ಣ ದರವೇ ಬೀಳುತ್ತದೆ.

ಸಾಮಾನ್ಯ ಪದ್ಧತಿಯಿಂದ ಕಾಂಪೋಸಿಷನ್‌ಗೆ ಬದಲಾಗಬೇಕೆಂದರೆ ಹೊಸ ಹಣಕಾಸು ವರ್ಷ ಆರಂಭವಾಗುವ ಮುನ್ನ, ಅಂದರೆ ಮಾರ್ಚ್ 31ರೊಳಗೆ, ಸಿಎಂಪಿ-02 ಎಂಬ ನಮೂನೆ ಸಲ್ಲಿಸಬೇಕು. ಅಂದು ಉಳಿದಿರುವ ದಾಸ್ತಾನಿನ ಮೇಲೆ ಪಡೆದ ಜಮೆಯನ್ನು ಹಿಂದಿರುಗಿಸಿ ಐಟಿಸಿ-03 ಸಲ್ಲಿಸಬೇಕಾಗುವುದರಿಂದ, ಗೋದಾಮು ತುಂಬಿರುವ ವರ್ಷದಲ್ಲಿ ಬದಲಾವಣೆ ದುಬಾರಿಯಾಗುತ್ತದೆ. ತಿರುಗಿ ಸಾಮಾನ್ಯ ಪದ್ಧತಿಗೆ ಬರುವುದು ವರ್ಷದ ನಡುವೆಯೂ ಸಾಧ್ಯ, ದಾಸ್ತಾನಿನ ಜಮೆಯನ್ನು ಆಗ ಐಟಿಸಿ-01 ಮೂಲಕ ಕೇಳಬಹುದು. ವಹಿವಾಟು ಒಂದೂವರೆ ಕೋಟಿ ದಾಟಿದರೆ ಮಾತ್ರ ವ್ಯಾಪಾರಿಯ ಇಚ್ಛೆಯನ್ನು ಯಾರೂ ಕೇಳುವುದಿಲ್ಲ. ದಾಟಿದ ದಿನದಿಂದಲೇ ಕಾಂಪೋಸಿಷನ್ ಕೊನೆಗೊಳ್ಳುತ್ತದೆ, ಏಳು ದಿನಗಳೊಳಗೆ ಸಿಎಂಪಿ-04 ಸಲ್ಲಿಸಿ ಅಂದಿನಿಂದಲೇ ತೆರಿಗೆ ಬಿಲ್ಲು ಕೊಡಲು ಆರಂಭಿಸಬೇಕು.